ಹಾಡು ಹಾಕೋರು ಬೇಕಿಲ್ಲ, ನಗೋರು ಬೇಕಾಗಿದ್ದಾರೆ

ದಾವಣಗೆರೆಗೂ ಚಿತ್ರದುರ್ಗಕ್ಕೂ ಖಾಸಗಿ ಎಫ್‌ಎಂ ಬರುತ್ತದಂತೆ. 2024ರ ಆಗಸ್ಟ್‌ನಲ್ಲಿ ಕೇಂದ್ರ ಸಂಪುಟ 234 ಊರುಗಳಲ್ಲಿ 730 ಚಾನೆಲ್ ಹರಾಜು ಹಾಕಲು ಒಪ್ಪಿತಲ್ಲ, ಆ ಪಟ್ಟಿಯಲ್ಲಿ ನಮ್ಮ ಎರಡೂ ಊರಿನ ಹೆಸರಿದೆ. 1997ರಲ್ಲಿ ಜಿಲ್ಲೆ ಬೇರೆಯಾದ ಮೇಲೆ ಇಬ್ಬರೂ ಒಂದೇ ಪಟ್ಟಿಯಲ್ಲಿ ಜಗಳವಿಲ್ಲದೆ ಕೂತಿದ್ದೇ ದೊಡ್ಡ ವಿಷಯ. ಎಫ್‌ಎಂ ಯಾವಾಗ ಬರುತ್ತೋ ಬರಲಿ, ದಾವಣಗೆರೆ ಪಿ.ಜೆ. ಬಡಾವಣೆಯ ಹುಡುಗ ಹುಡುಗಿಯರು ಆರ್‌ಜೆ, ಅಂದರೆ ರೇಡಿಯೋ ಜಾಕಿ, ಆಗಲು ಈಗಲೇ ತಯಾರಿ ಶುರು ಮಾಡಿದ್ದಾರೆ. ತಯಾರಿ ಅಂದರೆ ಹಳೇ ಹಾಡು ಕೇಳುವುದು, ರಾಗ ತಿಳಿಯುವುದು ಅಂದುಕೊಳ್ಳಬೇಡಿ. ಕನ್ನಡಿ ಮುಂದೆ ನಿಂತು ಕಾರಣವಿಲ್ಲದೆ ನಗುವುದು. ಸಿಲಬಸ್ ಸರಿಯಾಗಿಯೇ ಹಿಡಿದಿದ್ದಾರೆ.

ಆರ್‌ಜೆ ತನಗಿಷ್ಟದ ಹಾಡು ಹಾಕುತ್ತಾನೆ ಅಂತ ನಂಬಿರೋರು ಇನ್ನೂ ಇದ್ದಾರೆ, ಪಾಪ. ಹಾಡು ಆರಿಸುವುದು ಹೆಡ್ ಆಫೀಸು. ಅಲ್ಲೊಬ್ಬ ಮ್ಯೂಸಿಕ್ ಮ್ಯಾನೇಜರ್, ಅವನ ಮುಂದೊಂದು ಸಾಫ್ಟ್‌ವೇರ್. ಜನರಿಗೆ ಹಾಡಿನ ಕೆಲವೇ ಸೆಕೆಂಡಿನ ತುಣುಕು ಕೇಳಿಸಿ ಮಾರ್ಕ್ಸ್ ಹಾಕಿಸಿಕೊಳ್ಳುತ್ತಾರೆ. ಪಾಸಾದ ಹಾಡು ದಿನಕ್ಕೆ ಹತ್ತು ಸಲ, ಫೇಲಾದ ಹಾಡು ಗೋದಾಮಿಗೆ. ಯಾವ ಹಾಡಿನ ಹಿಂದೆ ಯಾವುದು, ಒಬ್ಬರೇ ಗಾಯಕರು ಎರಡು ಸಲ ಒಟ್ಟಿಗೆ ಬರದ ಹಾಗೆ ನೋಡೋದು ಎಲ್ಲಾ ಸಾಫ್ಟ್‌ವೇರೇ. ಆರ್‌ಜೆಗೆ ಕಾಣುವುದು ಪರದೆಯ ಮೇಲೊಂದು ಅಂಕಿ. ಹಾಡುವವರು ಬಾಯಿ ತೆರೆಯಲು ಇನ್ನು 14 ಸೆಕೆಂಡು ಇದೆ ಅಂತ. ಆ 14 ಸೆಕೆಂಡಲ್ಲಿ ಕೊಳಲೋ ಪಿಟೀಲೋ ಏನೋ ನುಡಿಯುತ್ತಿರುತ್ತದಲ್ಲ, ಅದರ ಮೇಲೆ ಕೂತು ಸೀರೆ ಅಂಗಡಿಯ ಆಷಾಢದ ಆಫರ್ ಹೇಳಿ ಮುಗಿಸಬೇಕು. ಸರಿಯಾಗಿ ಮುಗಿಸಿದವನೇ ಜಾಣ ಆರ್‌ಜೆ. ಕೊಳಲು ಬಾರಿಸಿದವರು ಯಾರು ಅಂತ ಅವನಿಗೂ ಗೊತ್ತಿಲ್ಲ, ಕೇಳಿದ ನಮಗೂ ಗೊತ್ತಾಗಲ್ಲ.

ಇದರಿಂದ ಒಂದು ಒಳ್ಳೆಯದೂ ಆಗಿದೆ ಅನ್ನಿ. ಲಂಚ ನಿಂತಿದೆ. 1950ರ ದಶಕದ ಅಮೆರಿಕದಲ್ಲಿ ಡಿಸ್ಕ್ ಜಾಕಿ ಅಂದರೆ ಒಬ್ಬ ಪಾಳೇಗಾರ. ಯಾವ ಪ್ಲೇಟು ತಿರುಗಬೇಕು ಅನ್ನೋದು ಅವನ ಕೈಯಲ್ಲಿ. ರೆಕಾರ್ಡ್ ಕಂಪನಿಯವರು ಕವರ್ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಆ ವ್ಯವಹಾರಕ್ಕೆ ಪೇಯೋಲಾ ಅಂತ ಹೆಸರೇ ಇತ್ತು. 1959ರಲ್ಲಿ ಅಲನ್ ಫ್ರೀಡ್ ಎಂಬ ಹೆಸರಾಂತ ಜಾಕಿ, ತಾನು ದುಡ್ಡು ತಗೊಂಡಿಲ್ಲ ಅಂತ ಬರೆದುಕೊಡಲು ಒಪ್ಪದೆ ಕೆಲಸ ಕಳೆದುಕೊಂಡ. ಮರುವರ್ಷ ಅದರ ಮೇಲೆ ಕಾನೂನೇ ಬಂತು. ಈಗಿನ ಆರ್‌ಜೆಗೆ ಕವರ್ ಕೊಡಲು ಹೋಗಿ ನೋಡಿ. ಅವನೇ ಕೈಮುಗಿದು ವಾಪಸ್ ಕೊಡುತ್ತಾನೆ: "ಅಣ್ಣಾ, ನನ್ನ ಮದುವೆ ದಿನಾನೂ ನಂಗಿಷ್ಟದ ಹಾಡು ಹಾಕೋಕೆ ಬಿಡಲಿಲ್ಲ." ಕಚೇರಿ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಕೂತ ಜವಾನನಿಗೂ ಕಾಫಿಗೆ ಅಂತ ಯಾರಾದರೂ ಇಪ್ಪತ್ತು ರೂಪಾಯಿ ಕೊಡುತ್ತಾರೆ. ಈ ಕುರ್ಚಿಗೆ ಆ ಮರ್ಯಾದೆಯೂ ಇಲ್ಲ.

ಹಾಗಂತ ಆಕಾಶವಾಣಿ ಏನು ಸಾಚಾ ಅಲ್ಲ. ಅದು 1940ರಿಂದ 1971ರವರೆಗೆ ಹಾರ್ಮೋನಿಯಂಗೇ ನಿಷೇಧ ಹಾಕಿತ್ತು. ಹಾರ್ಮೋನಿಯಂ ಇಲ್ಲದೆ ಕಂಪನಿ ನಾಟಕದ ಪರದೆಯೇ ಏಳದ ನಮ್ಮೂರಿಗೆ ಇದಕ್ಕಿಂತ ಅವಮಾನ ಬೇಕಾ? 1952ರ ಹೊತ್ತಿಗೆ ಸಿನಿಮಾ ಹಾಡು ಅಂದರೂ ದೆಹಲಿಯವರಿಗೆ ಮೂಗು ಮುರಿಯುವ ಕಾಯಿಲೆ. ಜನ ರೇಡಿಯೋ ಸಿಲೋನಿನ ಕಡೆ ಮುಳ್ಳು ತಿರುಗಿಸಿದರು. ಅಲ್ಲಿ ಹಿಂದಿ ಹಾಡಿನ ಕಾರ್ಯಕ್ರಮ ನಡೆಸುತ್ತಿದ್ದ ಅಮೀನ್ ಸಯಾನಿ ಅವರು ದೇಶಕ್ಕೇ ಪರಿಚಯವಾಗಿದ್ದು ಹಾಗೆ. ಆದರೂ ಚಿತ್ರದುರ್ಗ ಕೇಂದ್ರಕ್ಕೆ ಕಾರ್ಡು ಬರೆದವರಿಗೆ ಗೊತ್ತು. ಹಾಡು ಕೋರಿದವರು ಅಂತ ಶುರುವಾದರೆ ಹೊಳಲ್ಕೆರೆಯಿಂದ ಹರಿಹರದವರೆಗೆ ಹೆಸರೋ ಹೆಸರು. ಗಂಡ, ಹೆಂಡತಿ, ಮಕ್ಕಳು, ಓಣಿಯ ಗೆಳೆಯರು, ಜೊತೆಗೆ ಕಿರಾಣಿ ಅಂಗಡಿ ಮಾಲೀಕರು. ಹಾಡಿಗಿಂತ ಹೆಸರೇ ಉದ್ದ. ಆಮೇಲೆ ಉದ್ಘೋಷಕರು ಸಾಹಿತ್ಯ ಯಾರದು, ಸಂಗೀತ ಯಾರದು, ಹಾಡಿದವರು ಯಾರು ಅಂತ ಹೇಳಿ ಬಾಯಿ ಮುಚ್ಚುತ್ತಿದ್ದರು. ಬಾಯಿ ಮುಚ್ಚುವುದೂ ಆಗ ಆ ಕೆಲಸದಲ್ಲೇ ಸೇರಿತ್ತು.

ಇನ್ನು ಆರ್‌ಜೆ ಊರಲ್ಲೇ ಇರಬೇಕು ಅಂತಲೂ ಇಲ್ಲ. ನಾಲ್ಕು ಗಂಟೆಯ ಕಾರ್ಯಕ್ರಮದ ಮಾತನ್ನೆಲ್ಲ ಮುಕ್ಕಾಲು ಗಂಟೆಯಲ್ಲಿ ರೆಕಾರ್ಡ್ ಮಾಡಿಟ್ಟರೆ ಆಯ್ತು, ನಡುವೆ ಹಾಡು ತುಂಬೋಕೆ ಯಂತ್ರ ಇದೆ. ಒಬ್ಬನೇ ಆರು ಊರಿಗೆ ಆರ್‌ಜೆ. ನಮ್ಮೂರಲ್ಲಿ ಇದು ಹೇಗಿರುತ್ತೆ ಅಂತ ಈಗಲೇ ಕಣ್ಣಿಗೆ ಕಟ್ಟುತ್ತಿದೆ. ಏಪ್ರಿಲ್ ಮಧ್ಯಾಹ್ನ, ಮಂಡಕ್ಕಿ ಭಟ್ಟಿ. ಕಾದ ಮರಳಿಗೆ ಅಕ್ಕಿ ಬಿದ್ದು ಚಟಪಟ ಅರಳುತ್ತಿದೆ. ಹೊಗೆಗೆ ಕಣ್ಣು ಕೆಂಪು. ಗೋಡೆಯ ಮೊಳೆಗೆ ನೇತುಹಾಕಿದ ರೇಡಿಯೋ, ಅದರ ಸೆಲ್ ಬೀಳದ ಹಾಗೆ ಸುತ್ತಿದ ರಬ್ಬರ್ ಬ್ಯಾಂಡು. ಅದರೊಳಗಿಂದ ಬೆಂಗಳೂರಿನ ಎಸಿ ರೂಮಿನವನು: "ಹಾಯ್ ದಾವಣಗೆರೆ! ಹೊರಗೆ ಎಂಥಾ ಕೂಲ್ ಕೂಲ್ ವೆದರ್ ಅಲ್ವಾ!" ಜರಡಿ ಹಿಡಿದ ಅಕ್ಕ ಪಕ್ಕದವಳನ್ನು ಕೇಳುತ್ತಾಳೆ, "ಯಾವೂರಾಗ ತಂಪೈತಂತೆ ಇವನಿಗೆ?"

ಈಗ ಆ ಎಸಿ ರೂಮೂ ದಂಡ ಅನ್ನಿಸಿದೆ. 2024ರ ಅಕ್ಟೋಬರ್‌ನಲ್ಲಿ ಪೋಲೆಂಡಿನ ಕ್ರಾಕೋವ್‌ನ ಒಂದು ರೇಡಿಯೋ ಮನುಷ್ಯ ನಿರೂಪಕರ ಜಾಗದಲ್ಲಿ ಎಐ ಕೂರಿಸಿತು. ಅದು 2012ರಲ್ಲೇ ತೀರಿಕೊಂಡ ನೊಬೆಲ್ ಕವಿ ಶಿಂಬೋರ್ಸ್ಕಾ ಅವರ ಸಂದರ್ಶನವನ್ನೇ ಮಾಡಿಬಿಟ್ಟಿತು. ಜನ ಉಗಿದರು, ಕೆಲವೇ ದಿನದಲ್ಲಿ ನಿಲ್ಲಿಸಿದರು. ಈ ಐಡಿಯಾ ದುರ್ಗಕ್ಕೆ ಬಂದರೆ ಬಿಡ್ತಾರಾ? "ನಮಸ್ಕಾರ ಓಬವ್ವ ಮೇಡಂ, ಕಿಂಡಿ ಹತ್ರ ಒನಕೆ ಎತ್ತಿದಾಗ ನಿಮ್ಮ ಮೂಡ್ ಹೇಗಿತ್ತು? ಆಗ ಮನಸ್ಸಿಗೆ ಬಂದ ಹಾಡು ಯಾವುದು? ಒಂದು ಸಣ್ಣ ಬ್ರೇಕ್ ಆದ್ಮೇಲೆ ಕೇಳೋಣ!"

ಸಿಡ್ನಿಯಲ್ಲಿ ಆಗಿದ್ದು ಇನ್ನೂ ಮಜಾ. ಥೈ ಎಂಬ ನಿರೂಪಕಿ ವಾರದ ದಿನಗಳಲ್ಲಿ ದಿನಾ ನಾಲ್ಕು ಗಂಟೆ ಹಾಡು ಹಾಕುತ್ತಿದ್ದಳು. ಅವಳು ಎಐ ಅಂತ ಬಯಲಾಗಲು ಸುಮಾರು ಆರು ತಿಂಗಳು ಬೇಕಾಯಿತು. ಅವಳ ದನಿ, ಮುಖಕ್ಕೆ ಮಾದರಿ ಆ ರೇಡಿಯೋ ಕಂಪನಿಯ ಹಣಕಾಸು ವಿಭಾಗದ ಒಬ್ಬ ಉದ್ಯೋಗಿಯಂತೆ. ರೇಡಿಯೋ ಯಾರ ಕೈಗೆ ಹೋಗಿದೆ ಅಂತ ಅಲ್ಲೇ ತಿಳೀತಲ್ಲ. ಇಷ್ಟು ದಿನ ಕೇಳುಗರಿಗೆ ಹೇಗೆ ಗೊತ್ತಾಗಲಿಲ್ಲ ಅಂತ ಪತ್ರಿಕೆಗಳಿಗೆ ಆಶ್ಚರ್ಯ. ನನಗೇನೂ ಆಗಲಿಲ್ಲ. ಮನುಷ್ಯರಿಗೆ ವರ್ಷಗಟ್ಟಲೆ ಯಂತ್ರದ ಹಾಗೆ ಮಾತಾಡಲು ತರಬೇತಿ ಕೊಟ್ಟವರು, ಕೊನೆಗೆ ಯಂತ್ರವನ್ನೇ ತಂದು ಕೂರಿಸಿದರೆ ವ್ಯತ್ಯಾಸ ಎಲ್ಲಿಂದ ತಿಳಿಯಬೇಕು?

ಕೇಳಿದ ಹಾಡು ಹಾಕುವ ಮನುಷ್ಯ ನಮ್ಮ ಕಡೆ ಸಿಗುವುದು ಈಗ ಒಂದೇ ಕಡೆ. ಗಣಪತಿ ಮೆರವಣಿಗೆಯ ಲಾರಿ ಮೇಲೆ. ಅಲ್ಲಿ ಸಾಫ್ಟ್‌ವೇರೂ ಇಲ್ಲ, ಮಾರ್ಕ್ಸೂ ಇಲ್ಲ. ಹುಡುಗರು ಕೆಳಗಿನಿಂದ "ಅಣ್ಣಾ, ಅದೇ ಹಾಕಣ್ಣಾ" ಅಂದರೆ ಅದೇ ಬರುತ್ತೆ. ಕಿಟಕಿ ಗಾಜು ನಡುಗುತ್ತೆ, ಅದು ಬೇರೆ ಮಾತು. ವಸತಿ ಪ್ರದೇಶಕ್ಕೆ ಕಾನೂನು ಹೇಳುವುದು ಹಗಲು 55 ಡೆಸಿಬಲ್, ಲಾರಿ ಡಿಜೆಗೆ ಅದು ಕೆಮ್ಮಿದಷ್ಟು ಸದ್ದು. ಹಾಗಾಗಿ ಹಬ್ಬ ಬಂತೆಂದರೆ ಡಿಜೆ ನಿಷೇಧದ ಆದೇಶ, ಅದರ ಹಿಂದೆ ಮುಖಂಡರ ಪತ್ರಿಕಾಗೋಷ್ಠಿ. ರಾತ್ರಿ ಹತ್ತಾದ ಮೇಲೆ ಪೊಲೀಸಪ್ಪ ಲಾಠಿಯಿಂದ ಲಾರಿ ಬಾಡಿ ತಟ್ಟುತ್ತಾನೆ. "ಬಂದ್ ಮಾಡಲೇ ಸಾಕು." ಮೇಲಿನವನು ಬಗ್ಗಿ ಕೇಳುತ್ತಾನೆ, "ಸಾರ್, ನಿಮ್ದೊಂದು ಯಾವ್ದು ಹಾಕ್ಲಿ?"