ಗೆದ್ದಲಿಗೆ ಮಾತ್ರ ಸದಸ್ಯತ್ವ

ನಮ್ಮ ಊರಿನ ಗ್ರಂಥಾಲಯದ ಬೇಸಿಗೆ ಶಿಬಿರದ ಫೋಟೋ ನೀವೂ ನೋಡಿರುತ್ತೀರಿ. ಹಾವೇರಿ ಜಿಲ್ಲೆಯ ಪುಟ ತೆರೆದವರಿಗೆಲ್ಲ ಕಣ್ಣಿಗೆ ಬಿದ್ದೇ ಬಿದ್ದಿರುತ್ತದೆ. ಮುಂದೆ ಹಾರ ಹಾಕಿಕೊಂಡ ಗಣ್ಯರು. ಅವರ ಭುಜಗಳ ಸಂದಿಯಲ್ಲಿ ಎರಡು ಮೂರು ಮಕ್ಕಳ ಹಣೆ. ಮಕ್ಕಳು ಬಂದಿದ್ದರು ಅನ್ನುವುದಕ್ಕೆ ಅಷ್ಟು ಹಣೆ ಸಾಕು ಬಿಡಿ.

ಹಾರದ ಬಗ್ಗೆ ಮಾತ್ರ ನನ್ನ ತಕರಾರಿಲ್ಲ. ಹಾವೇರಿ ಏಲಕ್ಕಿ ಹಾರ ಅಂದರೆ ನಮಗೆಲ್ಲ ಹೆಮ್ಮೆ. ಏಲಕ್ಕಿ ಕಾಯಿಯನ್ನು ಬೆಳ್ಳಗೆ ಮಾಡಿ, ಬಣ್ಣದ ದಾರ, ಮಣಿ ಸೇರಿಸಿ ಪೋಣಿಸುವ ಆ ಕೈಗಳಿಗೆ ನಮಸ್ಕಾರ. ಹಾರದಲ್ಲಿ ಎಳೆ ಜಾಸ್ತಿ ಆದಷ್ಟೂ ರೊಕ್ಕ ಜಾಸ್ತಿ. ಹಾಗಾಗಿ ವೇದಿಕೆಯ ಮೇಲೆ ಯಾರು ದೊಡ್ಡವರು ಅಂತ ಕೇಳುವ ಕಷ್ಟವೇ ಇರಲಿಲ್ಲ, ಎಳೆ ಎಣಿಸಿದರೆ ಮುಗಿಯಿತು. ಅಧ್ಯಕ್ಷರಿಗೆ ಐದೆಳೆ. ಸದಸ್ಯರಿಗೆ ಎರಡೆಳೆ. ಮಾಜಿ ಸದಸ್ಯರಿಗೂ ಎರಡೆಳೆ, ಯಾಕೆಂದರೆ ಮುಂದೆ ಚುನಾವಣೆ ಇದೆ. ಮಕ್ಕಳಿಗೆ ಕಥೆ ಹೇಳಲು ಬಂದಿದ್ದ ನಿವೃತ್ತ ಅಕ್ಕೋರಿಗೆ ಒಂದು ಗುಲಾಬಿ. ಆ ಐದೆಳೆ ಹಾರದ ರೊಕ್ಕದಲ್ಲಿ ಮಕ್ಕಳ ಪುಸ್ತಕ ಎಷ್ಟು ಬರ್ತಿದ್ದವು ಅಂತ ಲೆಕ್ಕ ಹಾಕಲು ಹೋಗಬೇಡಿ. ಹೊಟ್ಟೆಕಿಚ್ಚು ಅಂತಾರೆ.

ಭಾಷಣದಲ್ಲಿ ಗಳಗನಾಥರು ಬಂದರು. ಬರಲೇಬೇಕು, ನಮ್ಮ ಜಿಲ್ಲೆಯವರು. ತಾವು ಬರೆದ ಕಾದಂಬರಿಗಳನ್ನು ತಾವೇ ಹೊತ್ತು, ಊರೂರು ಅಲೆದು ಮಾರಿದ ಮನುಷ್ಯ. 1942ರಲ್ಲಿ ತೀರಿಕೊಂಡರು, ಬಚಾವಾದರು. ಈಗ ಇದ್ದಿದ್ದರೆ ಪುಸ್ತಕದ ಗಂಟು ಇಳಿಸಿ, ವೇದಿಕೆಗೆ ಹತ್ತಿಸಿ, ಅವರ ಬಗ್ಗೆಯೇ ಅವರಿಗೆ ಒಂದು ತಾಸು ಭಾಷಣ ಕೇಳಿಸುತ್ತಿದ್ದರು. ಭಾಷಣಕಾರರ ಬೆನ್ನ ಹಿಂದೆಯೇ ಗಾಜಿನ ಕಪಾಟು. ಅದರೊಳಗೆ ಗಳಗನಾಥರ ಪುಸ್ತಕಗಳು. ಕಪಾಟಿಗೆ ಕೀಲಿ.

ಶಿಬಿರ ಏನೇ ಅನ್ನಿ, ಭರ್ಜರಿಯಾಗಿತ್ತು. ಜಾದೂ ಇತ್ತು. ಜುಂಬಾ ಇತ್ತು. ಬೆಂಕಿ ಇಲ್ಲದ ಅಡುಗೆ ಇತ್ತು. ಮುಖಕ್ಕೆ ಬಣ್ಣ ಹಚ್ಚಿ ಹುಲಿ ಮಾಡುವುದಿತ್ತು. ಅದರ ಜೊತೆಗೆ 'ಸಮುದಾಯ ಸೇವೆ'. ಪೇಪರ್ ಓದುವ ಮೇಜಿನ ಮೇಲೆ ಆಧಾರ್ ತಿದ್ದುಪಡಿ, ನಿಯತಕಾಲಿಕದ ಮೂಲೆಯಲ್ಲಿ ಬಿಪಿ, ಶುಗರ್ ತಪಾಸಣೆ. ದಿನಾ ಪೇಪರಿನ ಒಂದೊಂದು ಹಾಳೆ ಹಂಚಿಕೊಂಡು ಓದುವ ಮುದುಕರನ್ನು ಎಬ್ಬಿಸಿ, ಅದೇ ಮುದುಕರಿಗೆ ಬಿಪಿ ನೋಡಿದರು. ಜಾಸ್ತಿ ಇತ್ತು. ಇರದೇ ಇನ್ನೇನು?

ಪಿಎಸ್‌ಐ, ಪಿಡಿಒ ಪರೀಕ್ಷೆಗೆ ಓದುವ ಹುಡುಗರ ಕುರ್ಚಿಗಳು ಗಣ್ಯರ ಸೇವೆಗೆ ಹೋಗಿದ್ದವು. ಅವರು ಹೊರಗೆ ಬೇವಿನ ಮರದ ಕೆಳಗೆ, ಜುಂಬಾದ ಹಾಡು ಕೇಳುತ್ತ ಸಂವಿಧಾನದ ವಿಧಿಗಳನ್ನು ಬಾಯಿಪಾಠ ಮಾಡುತ್ತಿದ್ದರು.

ಅಷ್ಟರಲ್ಲಿ ಹುಲಿ ಬಣ್ಣ ಹಚ್ಚಿಸಿಕೊಂಡ ಒಬ್ಬ ಹುಡುಗಿ ಕಪಾಟಿನ ಹತ್ತಿರ ಬಂದಳು. ಮೂಗನ್ನು ಗಾಜಿಗೆ ಒತ್ತಿ ಒಳಗೆ ನೋಡಿದಳು. ಗಾಜಿನ ಮೇಲೆ ಹಳದಿ ಮೂಗು ಮೂಡಿತು.

"ಸರ್ರ, ಆ ಆನಿ ಚಿತ್ರದ್ದು ಕೊಡ್ರೀ."

"ಈಗ ಬ್ಯಾಡವ್ವಾ. ಹೋಗು, ಅಲ್ಲಿ ಜಾದೂ ನಡದೈತಿ ನೋಡು."

ಪುಸ್ತಕ ಕೊಡಬಾರದೇನ್ರಿ ಅಂತ ಗ್ರಂಥಾಲಯದವರನ್ನು ಕೇಳಿದೆ. ಪಾಪ, ಅವರು ಕೆಟ್ಟವರಲ್ಲ. ದನಿ ಇಳಿಸಿ ಹೇಳಿದರು: "ಗೆದ್ಲ ತಿಂದ್ರ ಆಡಿಟ್‌ನ್ಯಾಗ ಬರಕೊಂಡು ಹೋಗ್ತಾರ್ರಿ. ಹುಡುಗ್ರು ಒಯ್ದು ಕಳದ್ರ ನನ್ನ ಪಗಾರದಾಗ ಹಿಡೀತಾರ. ನಾ ಏನ್ ಮಾಡ್ಲಿ?"

ಅವರ ಮಾತಿನಲ್ಲಿ ತಪ್ಪು ಹುಡುಕಿ ನೋಡಿದೆ, ಸಿಗಲಿಲ್ಲ. ಗೆದ್ದಲಿಗೆ ಠೇವಣಿ ಇಲ್ಲ, ವಿಳಾಸದ ದಾಖಲೆ ಬೇಕಿಲ್ಲ, ವಾಪಸ್ ಕೊಡುವ ತಾರೀಖಿಲ್ಲ. ಒಂದು ಸಲಕ್ಕೆ ಎರಡೇ ಪುಸ್ತಕ ಅನ್ನುವ ಮಿತಿಯೂ ಇಲ್ಲ. ಬೇಸಿಗೆ ರಜೆಯಲ್ಲಿ ಅತಿ ಹೆಚ್ಚು ಓದಿದವರಿಗೆ ಬಹುಮಾನ ಅಂತ ಫ್ಲೆಕ್ಸಿನಲ್ಲಿ ಹಾಕಿದ್ದಾರಲ್ಲ, ಅದನ್ನು ನ್ಯಾಯವಾಗಿ ಯಾರಿಗೆ ಕೊಡಬೇಕು ಅಂತ ನಾನು ಹೇಳಬೇಕೇ?

ಮನೆ ತೆರಿಗೆಯ ಲೆಕ್ಕ ಒಮ್ಮೆ ತೆಗೆದು ನೋಡಿ. ತೆರಿಗೆಯ ಮೇಲೆ ಆರೋಗ್ಯ ಕರ ಶೇ. 15, ಗ್ರಂಥಾಲಯ ಕರ ಶೇ. 6, ಭಿಕ್ಷುಕರ ಕರ ಶೇ. 3. ಗ್ರಂಥಾಲಯವನ್ನು ಭಿಕ್ಷುಕರ ಪಕ್ಕದಲ್ಲಿ ಕೂರಿಸಿದವರು ಯಾರೋ, ಮುಂದಾಲೋಚನೆ ಇದ್ದವರು. ಗ್ರಂಥಾಲಯ ಕಾಯ್ದೆ 1965ರದ್ದು. ಪುರಸಭೆ ಈ ಕರ ವಸೂಲಿ ಮಾಡಿ ಗ್ರಂಥಾಲಯಕ್ಕೆ ಕೊಡಬೇಕು. ವಸೂಲಿ ಮಾಡುವ ಕೆಲಸ ತಪ್ಪದೆ ನಡೆಯುತ್ತದೆ. ಕೊಡುವುದು ಮಾತ್ರ ರಾಜ್ಯದ ತುಂಬ ಬಾಕಿ. ಗ್ರಂಥಾಲಯದವರು ಪತ್ರ ಬರೆಯುತ್ತಾರೆ, ಪತ್ರಕ್ಕೆ ನೆನಪೋಲೆ ಬರೆಯುತ್ತಾರೆ. ಕನ್ನಡದಲ್ಲಿ ಇಷ್ಟು ಬರವಣಿಗೆ ನಡೀತಿದೆ ಅಂತ ಸಮಾಧಾನ ಮಾಡಿಕೊಳ್ಳಬೇಕು, ಅಷ್ಟೇ.

ಎಲ್ಲ ಕಡೆ ಹೀಗೇ ಅಂತೇನಿಲ್ಲ. 2019ರಲ್ಲಿ ಗ್ರಾಮ ಪಂಚಾಯ್ತಿ ಗ್ರಂಥಾಲಯಗಳು ಪಂಚಾಯತ್ ರಾಜ್ ಇಲಾಖೆಗೆ ಹೋದವು, ಆಮೇಲೆ ಅರಿವು ಕೇಂದ್ರ ಅಂತ ಹೆಸರಾಯಿತು. ನಮ್ಮ ಪಕ್ಕದ ಹಳ್ಳಿಯ ಅರಿವು ಕೇಂದ್ರದಲ್ಲಿ ಹುಡುಗರು ಚಾಪೆಯ ಮೇಲೆ ಬೋರಲು ಮಲಗಿ ಓದುತ್ತಾರೆ. ಪುಸ್ತಕ ಹರಿದರೆ ಮೇಲ್ವಿಚಾರಕರು ಬೈಯುತ್ತ ಬೈಯುತ್ತ ಅಂಟಿಸುತ್ತಾರೆ. ಅಲ್ಲಿಗೆ ಯಾರೂ ಉದ್ಘಾಟನೆಗೆ ಹೋಗಿಲ್ಲ, ದೇವರು ದೊಡ್ಡವನು.

ನಕ್ಕು ನಕ್ಕು ನನಗಂತೂ ಸಾಕಾಗಿದೆ. ಶಾಲೆಗೆ ಸೂಟಿ ಬಿಟ್ಟ ಮೇಲೆ ಈ ಊರಿನ ಹುಡುಗರಿಗೆ ಹೋಗಲು ಬೇರೆ ಜಾಗ ಇಲ್ಲ. ಹುಬ್ಬಳ್ಳಿ-ಧಾರವಾಡದ ಶಿಬಿರಗಳಿಗೆ ಫೀ ಕಟ್ಟುವವರು ಇಲ್ಲಿಗೆ ಬರುವುದಿಲ್ಲ. ಇಲ್ಲಿಗೆ ಬರುವುದು, ಅವ್ವ ಮೆಣಸಿನಕಾಯಿ ತುಂಬು ಬಿಡಿಸಲು ಹೋದಾಗ ಮನೆಯಲ್ಲಿ ಒಂಟಿಯಾಗಿ ಉಳಿಯುವ ಮಕ್ಕಳು. ತಿರುಗುವ ಫ್ಯಾನು, ಕುಡಿಯಲು ನೀರು, ಕೈಗೆ ಸಿಗುವ ಪುಸ್ತಕ. ಇಷ್ಟು ಕೊಡಲು ಯಾರಿಗೂ ಹಾರ ಹಾಕಬೇಕಿಲ್ಲ. ರೊಕ್ಕ ನಾವು ಕಟ್ಟಿದ್ದೇವೆ. ಪುಸ್ತಕ ಬಂದಿವೆ. ಕಪಾಟು ಇದೆ. ಕೀಲಿ ತೆಗೆಯುವುದಕ್ಕೆ ಏನು ಧಾಡಿ?

ಸಮಾರೋಪ ಬರುವ ಸೋಮವಾರವಂತೆ. ಸೋಮವಾರ ಗ್ರಂಥಾಲಯಕ್ಕೆ ವಾರದ ರಜೆ ಅಲ್ವಾ ಅಂತ ಸಂಘಟಕರೊಬ್ಬರನ್ನು ಕೇಳಿದೆ.

"ಅದಕ್ಕs ಅವತ್ತು ಇಟ್ಟೇವ್ರಿ," ಅಂದರು. "ಓದವ್ರ ಕಾಟ ಇರಂಗಿಲ್ಲ."