ಒಂದು ತಗುಲಿದರೆ ಸಾಕು

ದಿನಾ ಬೆಳಿಗ್ಗೆ ನನಗಾಗಿ ಯಾರೋ ಒಬ್ಬ ಶ್ರೀಮಂತ ಸಾಯುತ್ತಾನೆ. ಕೋಟಿಗಟ್ಟಲೆ ಆಸ್ತಿ, ಆದರೆ ಹಿಂದೆ ಮುಂದೆ ಯಾರೂ ಇಲ್ಲ. ಪಾಪ, ಅವನ ವಕೀಲರು ಭೂಮಂಡಲವನ್ನೆಲ್ಲ ಜಾಲಾಡಿ, ಆ ಹಣಕ್ಕೆ ತಕ್ಕ ಪ್ರಾಮಾಣಿಕ ಮನುಷ್ಯ ನಾನೇ ಅಂತ ತೀರ್ಮಾನಿಸಿ ಇ-ಮೇಲ್ ಹಾಕುತ್ತಾರೆ. ಇಷ್ಟೊಂದು ನಂಬಿಕೆ ನನ್ನ ಹೆಂಡತಿಗೂ ನನ್ನ ಮೇಲಿಲ್ಲ.

ಮೊದಮೊದಲು ಅಳಿಸಿ ಸುಮ್ಮನಾಗುತ್ತಿದ್ದೆ. ಒಂದು ಭಾನುವಾರ ಮಾತ್ರ ತಲೆಕೆಟ್ಟು, ಇವತ್ತು ಇದಕ್ಕೊಂದು ಗತಿ ಕಾಣಿಸಿಯೇ ಏಳುವುದು ಅಂತ ಕೂತೆ. ಪ್ರತಿ ಮೇಲ್‌ನ ಬುಡದಲ್ಲಿ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತದಲ್ಲ, ‘ಇನ್ನು ಮುಂದೆ ನಮ್ಮ ಮೇಲ್ ಬೇಡವಾದರೆ ಇಲ್ಲಿ ಒತ್ತಿ’ ಅಂತ? ಒಂದೊಂದನ್ನೇ ಒತ್ತಿದೆ. ಮಧ್ಯಾಹ್ನದ ನಿದ್ದೆ ಬಿಟ್ಟು ಒತ್ತಿದೆ. ಮುಂದಿನ ವಾರಕ್ಕೆ ಸಾಯುವವರ ಸಂಖ್ಯೆ ದುಪ್ಪಟ್ಟಾಯಿತು. ಆಮೇಲೆ ಗೊತ್ತಾಯಿತು. ಮರ್ಯಾದಸ್ಥ ಕಂಪನಿಗಳಾದರೆ ಆ ಸಾಲನ್ನು ಒತ್ತಿದ ಮೇಲೆ ನಿಜಕ್ಕೂ ನಿಲ್ಲಿಸುತ್ತವೆ. ಕಳ್ಳರಿಗೆ ಮಾತ್ರ ಅದು ಬೇರೆಯೇ ಸುದ್ದಿ ಮುಟ್ಟಿಸುತ್ತದೆ: ಈ ವಿಳಾಸ ಜೀವಂತವಾಗಿದೆ, ಇಲ್ಲೊಬ್ಬ ಪುಣ್ಯಾತ್ಮ ಕೊನೆಯ ಸಾಲಿನವರೆಗೂ ಓದುತ್ತಾನೆ.

ಇದಕ್ಕಿಂತ ದೊಡ್ಡ ಪೆದ್ದತನ ಇನ್ನೊಂದಿದೆ. ಒಬ್ಬ ‘ವಕೀಲ’ನ ಮೇಲಿನಲ್ಲಿ ಕಾಗುಣಿತ ಎಷ್ಟು ಕೆಟ್ಟದಾಗಿತ್ತೆಂದರೆ, ತಡೆಯಲಾರದೆ ಹದಿನಾಲ್ಕು ತಪ್ಪುಗಳನ್ನು ತಿದ್ದಿ ವಾಪಸ್ ಕಳಿಸಿದೆ. ಹೀಗೆ ಬರೆದರೆ ಯಾರು ನಂಬುತ್ತಾರೆ ಮಾರಾಯ ಅಂತ ಒಂದು ಬುದ್ಧಿಮಾತನ್ನೂ ಸೇರಿಸಿದ್ದೆ. ವರ್ಷಗಳಾದ ಮೇಲೆ, ಮೈಕ್ರೋಸಾಫ್ಟ್ ಸಂಶೋಧಕ ಕಾರ್ಮಾಕ್ ಹರ್ಲೆ 2012ರಲ್ಲಿ ಬರೆದದ್ದನ್ನು ಓದಿ ನಾಚಿಕೆಯಾಯಿತು. ಆ ಪೆದ್ದುತನ ಬೇಕಂತಲೇ ಇಟ್ಟಿದ್ದು ಅನ್ನುವುದು ಅವರ ವಾದ. ಮೇಲ್ ಕಳಿಸುವುದಕ್ಕೆ ಖರ್ಚಿಲ್ಲ, ಆದರೆ ಉತ್ತರಿಸಿದವನ ಜೊತೆ ವಾರಗಟ್ಟಲೆ ಮಾತಾಡಿ ಬಲೆಗೆ ಬೀಳಿಸುವುದಕ್ಕೆ ಸಮಯ ಬೇಕು. ಅರ್ಧ ದಾರಿಯಲ್ಲಿ ಅನುಮಾನಪಟ್ಟು ಓಡಿಹೋಗುವ ಜಾಣರು ಬಂದರೆ ಕಳ್ಳನಿಗೆ ನಷ್ಟ. ಅದಕ್ಕೇ ಬಾಗಿಲಲ್ಲೇ ಒಂದು ಜರಡಿ. ಇಂಥ ಮೇಲನ್ನೂ ನಂಬುವವನು ಮುಂದಿನದನ್ನೆಲ್ಲ ನಂಬುತ್ತಾನೆ! ಅಂದರೆ ನಾನು ಕೂತು ತಿದ್ದಿದ್ದು ತಪ್ಪುಗಳನ್ನಲ್ಲ, ಅವನ ಜರಡಿಯ ತೂತುಗಳನ್ನು.

ಸ್ಪ್ಯಾಮ್ ಅನ್ನುವ, ಕೇಳದೆಯೇ ಬಂದು ಬೀಳುವ ಈ ಮೇಲುಗಳ ಪಿಡುಗು ಶುರುವಾದದ್ದಾದರೂ ಯಾವಾಗ? ಇಂಟರ್ನೆಟ್ ಅನ್ನುವ ಹೆಸರು ಜನರ ಬಾಯಿಗೆ ಬರುವ ಮೊದಲೇ. 1978ರ ಮೇ ತಿಂಗಳಲ್ಲಿ, ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಅಮೆರಿಕದ ಕಂಪನಿಯ ಮಾರಾಟ ವಿಭಾಗದ ಗ್ಯಾರಿ ಥರ್ಕ್ ಅನ್ನುವವರು, ಇಂಟರ್ನೆಟ್ಟಿನ ಪೂರ್ವಜನಾದ ಆರ್ಪಾನೆಟ್‌ ಜಾಲದಲ್ಲಿದ್ದ ಸುಮಾರು 400 ಮಂದಿಗೆ ಒಂದೇ ಏಟಿಗೆ ಜಾಹೀರಾತು ಕಳಿಸಿದರು. ಹೊಸ ಕಂಪ್ಯೂಟರ್ ಬಂದಿದೆ, ಬಂದು ನೋಡಿ ಅಂತ. ವಿಳಾಸಗಳು ಎಷ್ಟು ಜಾಸ್ತಿಯಾದವೆಂದರೆ, ವಿಳಾಸದ ಜಾಗ ತುಂಬಿ ಮಿಕ್ಕವು ಪತ್ರದೊಳಕ್ಕೆ ಚೆಲ್ಲಿಕೊಂಡವು. ಜನ ಹಿಡಿದು ಬೈದರು. ಬೈಸಿಕೊಂಡವರು ಮಾತ್ರ ನಗುತ್ತಲೇ ಇದ್ದಿರಬೇಕು. ಆ ಒಂದು ಮೇಲಿನಿಂದ ಒಂದು ಕೋಟಿ ಡಾಲರಿಗೂ ಮೀರಿ ವ್ಯಾಪಾರವಾಯಿತು ಅಂತ ಅವರೇ ಆಮೇಲೆ ಹೇಳಿಕೊಂಡಿದ್ದಾರೆ. ಅಲ್ಲಿಗೆ ನಮ್ಮೆಲ್ಲರ ಹಣೆಬರಹ ಬರೆದಾಯಿತು.

ಬಿಲ್ ಗೇಟ್ಸ್ 2004ರಲ್ಲಿ ದಾವೋಸ್‌ನಲ್ಲಿ ನಿಂತು, ಇನ್ನೆರಡು ವರ್ಷದಲ್ಲಿ ಈ ಸ್ಪ್ಯಾಮ್ ಸಮಸ್ಯೆ ಬಗೆಹರಿಯುತ್ತದೆ ಅಂದರು. 2008ರ ನವೆಂಬರಿನಲ್ಲಿ ಮೆಕೊಲೊ ಎಂಬ ಒಂದೇ ಒಂದು ಸರ್ವರ್ ಕಂಪನಿಯ ಸಂಪರ್ಕ ಕಿತ್ತುಹಾಕಿದಾಗ, ಜಗತ್ತಿನ ಸ್ಪ್ಯಾಮ್ ರಾತ್ರೋರಾತ್ರಿ ಅರ್ಧಕ್ಕಿಂತ ಕೆಳಗೆ ಬಿದ್ದದ್ದೂ ನಿಜ. ಕೆಲವೇ ತಿಂಗಳು. ಆಮೇಲೆ ರಜೆ ಮುಗಿಸಿ ಬಂದ ನೆಂಟರ ಹಾಗೆ ಎಲ್ಲ ವಾಪಸ್.

ಇದೇಕೆ ಸಾಯುವುದಿಲ್ಲ ಅನ್ನುವುದಕ್ಕೆ ನನಗೆ ತೃಪ್ತಿಯಾಗುವ ಉತ್ತರ ಸಿಕ್ಕಿದ್ದು ಅದೇ 2008ರ ಇನ್ನೊಂದು ಕಥೆಯಲ್ಲಿ. ಕ್ಯಾಲಿಫೋರ್ನಿಯಾದ ಬರ್ಕ್ಲಿ ಮತ್ತು ಸ್ಯಾನ್ ಡಿಯೇಗೊ ವಿಶ್ವವಿದ್ಯಾಲಯಗಳ ಸಂಶೋಧಕರು ‘ಸ್ಟಾರ್ಮ್’ ಎಂಬ ಸ್ಪ್ಯಾಮ್ ಜಾಲದೊಳಗೇ ನುಸುಳಿದರು. ಕಳ್ಳರ ಮೇಲುಗಳಲ್ಲಿದ್ದ ಲಿಂಕುಗಳನ್ನು ಸ್ವಲ್ಪ ತಿರುಚಿ, ಒತ್ತಿದವರು ತಮ್ಮದೇ ನಕಲಿ ಔಷಧಿ ಅಂಗಡಿಗೆ ಬರುವ ಹಾಗೆ ಮಾಡಿ, ಎಷ್ಟು ಜನ ಕೊಳ್ಳಲು ಹೊರಡುತ್ತಾರೆ ಅಂತ ಎಣಿಸುತ್ತ ಕೂತರು. ದುಡ್ಡು ಮಾತ್ರ ಮುಟ್ಟಲಿಲ್ಲ. 26 ದಿನ. ಸುಮಾರು 35 ಕೋಟಿ ಮೇಲು. ಗಿರಾಕಿಗಳು ಎಷ್ಟು? 28.

ಸಾವಿರವಲ್ಲ, ಲಕ್ಷವಲ್ಲ. ಬರೀ 28. ಅದರಲ್ಲೂ ಒಬ್ಬರನ್ನು ಬಿಟ್ಟು ಮಿಕ್ಕವರೆಲ್ಲ ಕೇಳಿದ್ದು ಗಂಡಸರ ಶಕ್ತಿ ಹೆಚ್ಚಿಸುವ ಗುಳಿಗೆ. (ಆ ಉಳಿದ ಒಬ್ಬರ ಬಗ್ಗೆ ನನಗೆ ತುಂಬ ಗೌರವ.) ಒಂದೂಕಾಲು ಕೋಟಿ ಮೇಲಿಗೆ ಒಬ್ಬ ಗಿರಾಕಿ. ಯಾವ ಅಂಗಡಿಯವನಾದರೂ ಇಷ್ಟು ಹೊತ್ತಿಗೆ ಬಾಗಿಲು ಹಾಕಿ ಸನ್ಯಾಸ ತೆಗೆದುಕೊಂಡಿರುತ್ತಿದ್ದ. ಆದರೆ ಆ 28 ಮಂದಿಯಿಂದ ಬರಬಹುದಾಗಿದ್ದ ಹಣ 2,700 ಡಾಲರಿಗೂ ಮೇಲೆ. ಸಂಶೋಧಕರು ನೋಡಿದ್ದು ಜಾಲದ ಒಂದು ಸಣ್ಣ ಮೂಲೆಯನ್ನಷ್ಟೇ. ಇಡೀ ಜಾಲಕ್ಕೆ ಲೆಕ್ಕ ಹಾಕಿದರೆ ದಿನಕ್ಕೆ ಸುಮಾರು 7,000 ಡಾಲರ್ ಆಗುತ್ತಿತ್ತು. ಖರ್ಚು? ಮೇಲ್ ಹೊರಡುವುದು ವೈರಸ್ ಹೊಕ್ಕ ಯಾರ ಯಾರದೋ ಮನೆಯ ಕಂಪ್ಯೂಟರಿನಿಂದ. ಕರೆಂಟು ಅವರದು, ಇಂಟರ್ನೆಟ್ ಅವರದು, ಕಂಪ್ಯೂಟರ್ ಯಾಕೋ ನಿಧಾನವಾಗಿದೆಯಲ್ಲ ಅನ್ನುವ ತಲೆನೋವೂ ಅವರದೇ. ಕತ್ತಲಲ್ಲಿ ಕಲ್ಲು ಬೀರುವವನಿಗೆ ಕಲ್ಲು ಪುಕ್ಕಟೆ ಸಿಕ್ಕರೆ ಕೈ ಯಾಕೆ ನಿಲ್ಲಿಸುತ್ತಾನೆ? ಒಂದು ತಗುಲಿದರೆ ಸಾಕಲ್ವಾ.

ಈ ಲೆಕ್ಕ ತಲೆಯಲ್ಲಿ ಕೂತಿದ್ದ ದಿನಗಳಲ್ಲೇ ಭಾವನ ಜೊತೆ ಟಿವಿಯಲ್ಲಿ ಓಟದ ಪಂದ್ಯ ನೋಡುತ್ತಿದ್ದೆ. ಗೆರೆಯಾಚೆ ಫೋಟೋಗ್ರಾಫರುಗಳ ಹಿಂಡು. ಒಬ್ಬರ ಭುಜದ ಮೇಲೆ ಇನ್ನೊಬ್ಬರ ಲೆನ್ಸು, ಅದರ ಮೇಲೆ ಮತ್ತೊಬ್ಬರದು.

“ಓಡುವವರು ಎಂಟು ಜನ, ಫೋಟೋ ತೆಗೆಯುವವರು ಎಂಟು ನೂರು! ಒಬ್ಬ ತೆಗೆದು ಎಲ್ಲರಿಗೂ ಹಂಚಿದರೆ ಆಗಲ್ವಾ ಭಾವ? ಇದೂ ಒಂಥರಾ ಸ್ಪ್ಯಾಮೇ” ಅಂದೆ.

ಭಾವ ಏನೂ ಹೇಳಲಿಲ್ಲ. ಅಕ್ಕ ಹೇಳಿದಳು. “ಎಷ್ಟಾದ್ರೂ ದೊಡ್ಡ ಕ್ಯಾಮೆರಾ ತಗೊಂಡಿದ್ದೀಯಲ್ಲೋ, ಮುಂದಿನ ವಾರ ಪುಟ್ಟಿ ಸ್ಕೂಲಲ್ಲಿ ಓಡ್ತಾಳೆ. ಫೋಟೋ ತೆಗಿ ನೋಡೋಣ. ಒಂದೇ ಒಂದು ಸಾಕು.”

ಒಂದೇ ತಾನೆ? ಬೀಗುತ್ತಾ ಹೋದೆ. ಎಲ್ಲರಿಗಿಂತ ಮೊದಲು ಹೋಗಿ, ಗೆಲ್ಲುವ ಗೆರೆಯ ಪಕ್ಕದಲ್ಲೇ ಜಾಗ ಹಿಡಿದೆ. ಎದುರು ಬದಿಯಲ್ಲಿ ನಿಂತ ನಾಲ್ಕಾರು ತಂದೆತಾಯಿಗಳನ್ನು ನೋಡಿ, ಪಾಪ ಅವರಿಗೆ ಬೆಳಕಿನ ಜ್ಞಾನ ಇಲ್ಲ ಅಂತ ಮರುಕವೂ ಹುಟ್ಟಿತು. ಹಿಂದೆ ಕ್ಯಾಮೆರಾ ರೀಲಿನಲ್ಲಿ 36 ಫೋಟೋ ಬಂದರೆ ಮುಗಿಯಿತು, ಒಂದೊಂದನ್ನೂ ಯೋಚಿಸಿ ತೆಗೆಯಬೇಕಿತ್ತು. ಈಗಿನ ಒಳ್ಳೆಯ ಕ್ಯಾಮೆರಾಗಳು ಸೆಕೆಂಡಿಗೆ 30 ತೆಗೆಯುತ್ತವೆ. ನನ್ನದು ಅಷ್ಟಿಲ್ಲದಿದ್ದರೂ ಪರವಾಗಿಲ್ಲ ಅನ್ನುವಷ್ಟಿದೆ. ಸೀಟಿ ಊದಿತು, ಬೆರಳು ಒತ್ತಿದೆ, ಬಿಡಲೇ ಇಲ್ಲ. ಓಟ ಮುಗಿಯುವಷ್ಟರಲ್ಲಿ 311 ಫೋಟೋ.

ಪುಟ್ಟಿ ಗೆದ್ದಳಂತೆ. ‘ಅಂತೆ’ ಯಾಕೆಂದರೆ ನಾನು ನೋಡಲಿಲ್ಲ. ನನ್ನ ಕ್ಯಾಮೆರಾವೂ ನೋಡಲಿಲ್ಲ. ಸರಿಯಾಗಿ ಕೊನೆಯ ಹತ್ತು ಹೆಜ್ಜೆಗೆ ಪಿ.ಟಿ. ಮೇಷ್ಟ್ರು ಸ್ಟಾಪ್‌ವಾಚ್ ಹಿಡಿದು ನನ್ನ ಮುಂದೆ ಬಂದು ನಿಂತರು. ಕ್ಯಾಮೆರಾದ ಆಟೋಫೋಕಸ್‌ಗೆ ಅವರ ಚೌಕಳಿ ಶರ್ಟು ಎಷ್ಟು ಇಷ್ಟವಾಯಿತೆಂದರೆ, ಆಮೇಲೆ ಅದು ಬೇರೆ ಕಡೆ ತಿರುಗಿ ನೋಡಲೇ ಇಲ್ಲ. ಆ ಶರ್ಟಿನ ಒಂದೊಂದು ನೂಲನ್ನೂ ಎಣಿಸಬಹುದು, ಅಷ್ಟು ಸ್ಪಷ್ಟ. ಕೆಲವು ಫೋಟೋಗಳಲ್ಲಿ ಬಲಗಡೆ ಅಂಚಿನಲ್ಲಿ ಒಂದು ಪುಟ್ಟ ಮೊಣಕೈ ಇದೆ. ಅದು ನಮ್ಮ ಪುಟ್ಟಿಯದೇ ಅಂತ ನಾನು ಪ್ರಮಾಣ ಮಾಡಲಾರೆ.

ಅವತ್ತು ಆ ಹಿಂಡಿನ ಮೇಲೆ ಗೌರವ ಬಂತು. 1965ರಲ್ಲಿ ಬಾಕ್ಸರ್ ಮಹಮ್ಮದ್ ಅಲಿ, ಕೆಳಗೆ ಬಿದ್ದ ಎದುರಾಳಿ ಸಾನಿ ಲಿಸ್ಟನ್ ಮುಂದೆ ನಿಂತು ತೋಳು ಮಡಚಿ ಅಬ್ಬರಿಸುವ ಫೋಟೋ ಇದೆಯಲ್ಲ, ಅದನ್ನು ನೀವು ನೋಡಿಯೇ ಇರುತ್ತೀರಿ. ತೆಗೆದವರು ‘ಸ್ಪೋರ್ಟ್ಸ್ ಇಲ್ಲಸ್ಟ್ರೇಟೆಡ್’ ಪತ್ರಿಕೆಯ 22 ವರ್ಷದ ನೀಲ್ ಲೀಫರ್. ಮುಂದಿನ ಸಲ ನೋಡಿದಾಗ ಅಲಿಯ ಕಾಲುಗಳ ನಡುವೆ ಕಣ್ಣಾಡಿಸಿ. ಅಖಾಡದ ಆಚೆ ಬದಿಯಲ್ಲಿ ಕ್ಯಾಮೆರಾ ಹಿಡಿದ ಒಬ್ಬರು ಕಾಣುತ್ತಾರೆ. ಅವರು ಹರ್ಬ್ ಶಾರ್ಫ್‌ಮನ್, ಅದೇ ಪತ್ರಿಕೆಯ ಹಿರಿಯ ಫೋಟೋಗ್ರಾಫರ್. ಅನುಭವ ಇತ್ತು, ಕ್ಯಾಮೆರಾ ಇತ್ತು, ಮುಂದಿನ ಸಾಲಿನ ಜಾಗವೂ ಇತ್ತು. ಆದರೆ ಅವರಿಗೆ ಕಂಡದ್ದು ಅಲಿಯ ಬೆನ್ನು. ಅಲಿ ಯಾವ ಕಡೆ ಮುಖ ಮಾಡುತ್ತಾನೆ ಅಂತ ಮೊದಲೇ ಯಾರಿಗೆ ಗೊತ್ತು? ಅದಕ್ಕೇ ಎಲ್ಲ ಕಡೆಯೂ ಒಬ್ಬೊಬ್ಬರು ಇರಬೇಕು. ಈಗಂತೂ ಚಾವಣಿಯ ಮೇಲೆ, ಗೋಲಿನ ಬಲೆಯ ಹಿಂದೆ, ಈಜುಕೊಳದ ತಳದಲ್ಲೂ ಆಳಿಲ್ಲದ ಕ್ಯಾಮೆರಾ ಕೂರಿಸುತ್ತಾರೆ.

ಒಬ್ಬ ತೆಗೆದು ಹಂಚಲಿ ಅಂದಿದ್ದೆನಲ್ಲ, ಅದೂ ಬರೀ ಮಾತು. ರಾಯಿಟರ್ಸ್, ಎಪಿ, ಎಎಫ್‌ಪಿ, ಗೆಟ್ಟಿ ಇವೆಲ್ಲ ಪತ್ರಿಕೆಗಳಿಗೆ ಫೋಟೋ ಮಾರುವ ಸಂಸ್ಥೆಗಳು, ಒಬ್ಬರಿಗೊಬ್ಬರು ಪೈಪೋಟಿಯವರು. ಎದುರಾಳಿಯ ಹತ್ತಿರ ಇರುವ ಚಿತ್ರ ತನ್ನ ಹತ್ತಿರ ಇಲ್ಲದಿದ್ದರೆ ಗಿರಾಕಿ ಆ ಕಡೆ ಹೋಗುತ್ತಾನೆ. 2016ರ ರಿಯೊ ಒಲಿಂಪಿಕ್ಸಿನ 100 ಮೀಟರ್ ಸೆಮಿಫೈನಲ್‌ನಲ್ಲಿ ಉಸೇನ್ ಬೋಲ್ಟ್ ಓಡುತ್ತಲೇ ಪಕ್ಕಕ್ಕೆ ತಿರುಗಿ ನಕ್ಕನಲ್ಲ, ಆ ನಗುವನ್ನು ಗೆಟ್ಟಿಯ ಕ್ಯಾಮರನ್ ಸ್ಪೆನ್ಸರ್ ಹಿಡಿದರು, ರಾಯಿಟರ್ಸ್‌ನ ಕಾಯ್ ಫಾಫೆನ್‌ಬಾಖ್ ಕೂಡ ಹಿಡಿದರು. ನಗು ಒಂದೇ, ಬೇಕಾದದ್ದು ಇಬ್ಬರಿಗೂ. ಇನ್ನು ಎಂಟನೆಯವನಾಗಿ ಬಂದವನು ಎಲ್ಲರ ಫೋಟೋದಲ್ಲಿ ಮಬ್ಬು ಕಲೆ. ಅವನ ದೇಶದ ಪತ್ರಿಕೆಗೆ ಮಾತ್ರ ಅವನೇ ಸುದ್ದಿ. ಆ ಹಿಂಡಿನಲ್ಲಿ ಅವನೊಬ್ಬನಿಗಾಗಿಯೇ ಬಂದು ಮಂಡಿಯೂರಿದವರು ಒಬ್ಬರಿರುತ್ತಾರೆ.

ಕೆಲವೊಮ್ಮೆ ಜಾಗ ಹುಡುಕುವುದೇ ಬೇಕಿಲ್ಲ, ಆಟಗಾರರೇ ಮೈಮೇಲೆ ಬೀಳುತ್ತಾರೆ. 2018ರ ಫುಟ್‌ಬಾಲ್ ವಿಶ್ವಕಪ್ ಸೆಮಿಫೈನಲ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಗೋಲು ಹೊಡೆದ ಖುಷಿಗೆ ಕ್ರೊಯೇಷಿಯಾದವರು ಎಎಫ್‌ಪಿಯ ಯೂರಿ ಕೊರ್ಟೆಜ್ ಮೇಲೆ ಗುಂಪಾಗಿ ಕವಿದರು. ಆ ಮನುಷ್ಯ ಅಡಿಯಲ್ಲಿ ಬಿದ್ದುಕೊಂಡೇ ಫೋಟೋ ತೆಗೆಯುತ್ತಿದ್ದರು. ಎಬ್ಬಿಸಿದ ಮೇಲೆ ಒಬ್ಬ ಆಟಗಾರ ಮುತ್ತೂ ಕೊಟ್ಟ. ನನಗೆ ಪಿ.ಟಿ. ಮೇಷ್ಟ್ರು ತಿರುಗಿ ಕೊಟ್ಟದ್ದು “ಸ್ವಲ್ಪ ಹಿಂದೆ ಸರೀರಿ ಸಾರ್” ಅನ್ನುವ ಮಾತು ಮಾತ್ರ.

ಇವರನ್ನು ಸ್ಪ್ಯಾಮಿಗೆ ಹೋಲಿಸಿದ್ದು ತಪ್ಪಾಯಿತು. ಅವರ ಒಂದು ದೊಡ್ಡ ಲೆನ್ಸಿನ ತೂಕವೇ ಸುಮಾರು 3 ಕಿಲೋ, ಅದರಲ್ಲೇ ನನ್ನ ತಲೆಗೆ ಕುಟ್ಟಿದರೂ ಕುಟ್ಟಿಯಾರು. ಒಂದು ತಗುಲಿದರೆ ಸಾಕು ಅನ್ನುವುದು ಇಬ್ಬರದೂ ಹೌದು. ಆದರೆ ಸ್ಪ್ಯಾಮಿನವನು ಬೇರೆಯವರ ಕಲ್ಲನ್ನು ಬೀರುತ್ತಾನೆ. ಇವರು ತಮ್ಮ ಮಂಡಿ ಸವೆಸಿಕೊಂಡು ಗಂಟೆಗಟ್ಟಲೆ ಕಾಯುತ್ತಾರೆ.

ನಾನು ಯಾವ ಪಂಗಡ ಅಂತ ಆ ರಾತ್ರಿ ಸಾಬೀತಾಯಿತು. 311 ಫೋಟೋಗಳನ್ನೂ ಒಂದೇ ಲಿಂಕಿಗೆ ಸೇರಿಸಿ 40 ಮಂದಿ ನೆಂಟರಿಗೆ ಒಟ್ಟಿಗೆ ಮೇಲ್ ಮಾಡಿದೆ. ಮೇಲ್‌ನ ತಲೆಬರಹ: ‘ಚಿನ್ನ ಗೆದ್ದಾಯ್ತು!!! ನೋಡಲು ಈಗಲೇ ಇಲ್ಲಿ ಕ್ಲಿಕ್ ಮಾಡಿ!!!’ ಚಿನ್ನ, ಗೆದ್ದಾಯ್ತು, ಈಗಲೇ, ಕ್ಲಿಕ್. ಪದಗಳನ್ನು ಅಳೆದು ತೂಗಿ ಕಳ್ಳರನ್ನು ಹಿಡಿಯುವ ಫಿಲ್ಟರ್‌ಗೆ ಇನ್ನೇನು ಬೇಕು? ಮೂರು ವಾರ ಯಾರೂ ಚಕಾರ ಎತ್ತಲಿಲ್ಲ. ಕೊನೆಗೆ ಉತ್ತರಿಸಿದವರು ದೊಡ್ಡಪ್ಪ ಒಬ್ಬರೇ. ಅವರು ಸ್ಪ್ಯಾಮ್ ಫೋಲ್ಡರನ್ನು ದಿನಪತ್ರಿಕೆಯ ಹಾಗೆ ಓದುವವರು, ಸತ್ತ ಶ್ರೀಮಂತರಿಗೆಲ್ಲ ಸಂತಾಪ ಬರೆದು ಕಳಿಸುವವರು. 40ಕ್ಕೆ ಒಬ್ಬರು ಅಂದರೆ ಸ್ಟಾರ್ಮ್ ಜಾಲದವರು ಕನಸಲ್ಲೂ ಕಾಣದ ಲೆಕ್ಕ.

“ಎಲ್ಲ ನೋಡಿದೆ. ತುಂಬ ಸಂತೋಷ. ಈ ಚೌಕಳಿ ಶರ್ಟಿನವರು ಯಾರಪ್ಪ?” ಅಂತ ಬರೆದಿದ್ದರು.

ಅವರ ಮೇಲ್ ಓದಿ, ನನ್ನ ಸ್ಪ್ಯಾಮ್ ಫೋಲ್ಡರಿನಲ್ಲೂ ಏನಾದರೂ ಇದೆಯಾ ಅಂತ ಇಣುಕಿದೆ. ಅವತ್ತು ಮೈದಾನದಲ್ಲಿ ನನ್ನ ಫೋಟೋಗಳ ಗತಿ ನೋಡಿದವನೇ ಎದುರು ಬದಿಗೆ ಓಡಿ, ಯಾರಿಗಾದರೂ ಚೆನ್ನಾಗಿ ಬಂದಿದ್ದರೆ ಕಳಿಸಿ ಅಂತ ಕಂಡಕಂಡವರಿಗೆಲ್ಲ ಮೇಲ್ ವಿಳಾಸ ಬರೆದುಕೊಟ್ಟಿದ್ದೆ. ಏನೂ ಬಂದಿರಲಿಲ್ಲ. ಎಂಥ ಜನ ಅಂತ ಮನಸಲ್ಲೇ ಬೈದುಕೊಂಡೂ ಆಗಿತ್ತು. ಈಗ ನೋಡಿದರೆ, ಇಬ್ಬರು ಸತ್ತ ಕೋಟ್ಯಧಿಪತಿಗಳ ನಡುವೆ ಅವತ್ತು ಸಂಜೆಯೇ ಬಂದ ಒಂದು ಮೇಲ್ ಕೂತಿದೆ. ‘ನಿಮ್ಮ ಹುಡುಗಿ ಗೆದ್ದಳು, ಫೋಟೋ ಇಲ್ಲಿದೆ’. 30 ದಿನವಾದರೆ ತಾನೇ ಅಳಿಸಿಹೋಗುತ್ತದೆ. ಅವತ್ತಿಗೆ 27 ಆಗಿತ್ತು.

ಪುಟ್ಟಿ ಎದೆಯುಬ್ಬಿಸಿ ಟೇಪು ಹರಿಯುತ್ತಿದ್ದಾಳೆ. ಎರಡು ಕೈಯೂ ಮೇಲೆ, ಕಣ್ಣು ಮುಚ್ಚಿ, ಬಾಯಿ ತುಂಬ ನಗು. ಅವಳ ತೋಳಿನ ಕೆಳಗೆ, ಹಿಂದುಗಡೆ, ಒಂದು ಚೌಕಳಿ ಶರ್ಟು. ಆ ಶರ್ಟಿನ ಬೆನ್ನಿಗೆ ಒಂದು ಕ್ಯಾಮೆರಾ ಗುರಿಯಿಟ್ಟು, ಒಂದು ಕಣ್ಣು ಮುಚ್ಚಿ, ನಾಲಿಗೆ ಕಚ್ಚಿಕೊಂಡು ಬಗ್ಗಿ ನಿಂತಿರುವವನು ನಾನು.

ಅಕ್ಕ ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಹಾಲಿನ ಗೋಡೆಗೆ ತೂಗುಹಾಕಿದ್ದಾಳೆ. ಬಂದವರಿಗೆಲ್ಲ ತೋರಿಸಿ, “ಹಿಂದೆ ಇದ್ದಾನಲ್ಲ, ನನ್ನ ತಮ್ಮ. ಪುಟ್ಟಿ ಫೋಟೋ ತೆಗೀತಿದ್ದಾನೆ” ಅನ್ನುತ್ತಾಳೆ.