ಮಕ್ಕಳ ಆರೈಕೆಯ ಹಣ: ಕಾನೂನಿನಲ್ಲೇ ಮೀಸಲಿಡಬೇಕೇ, ವರ್ಷ ವರ್ಷ ಶಾಸಕರೇ ಹಂಚಬೇಕೇ?

ಅಮೆರಿಕದಲ್ಲಿ ದುಡಿಯುವ ಬಡ ಕುಟುಂಬಗಳಿಗೆ ಡೇ ಕೇರ್ ಸಬ್ಸಿಡಿ ಇದೆ, ತೀರಾ ಕಷ್ಟದಲ್ಲಿರುವವರಿಗೆ ನಗದು ನೆರವೂ ಇದೆ. ಈ ಹಣದಲ್ಲಿ ದೊಡ್ಡ ಪಾಲು ವಾಷಿಂಗ್ಟನ್‌ನ ಕೇಂದ್ರ ಸರ್ಕಾರದಿಂದ ಬರುತ್ತದೆ. ಆದರೆ ಅದಕ್ಕೆ ಇನ್ನೆಷ್ಟು ಸೇರಿಸಬೇಕು, ಎಷ್ಟು ಆದಾಯ ಇರುವವರೆಗೆ ಕೊಡಬೇಕು ಎಂಬುದು ಬಹುಮಟ್ಟಿಗೆ ಆಯಾ ರಾಜ್ಯದ ಕೈಯಲ್ಲಿದೆ. ಪ್ರತಿ ಬಜೆಟ್‌ನಲ್ಲೂ ಚೌಕಾಸಿ ನಡೆಯುತ್ತದೆ. ಈ ಚೌಕಾಸಿಯಿಂದ ಮಕ್ಕಳ ಹಣವನ್ನು ಹೊರಗಿಡಬೇಕು ಎನ್ನುವವರು ಈಗ ಜಾಸ್ತಿಯಾಗುತ್ತಿದ್ದಾರೆ.

ಪರ: ಕಾನೂನಿನಲ್ಲೇ ಮೀಸಲಿಡಿ

ಬಜೆಟ್ ಸಮಿತಿಯ ಮುಂದೆ ಅಹವಾಲು ಹೇಳಿಕೊಳ್ಳಲು ಯಾರು ಬರುತ್ತಾರೆ ಅಂತ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಚಿಕ್ಕ ಮಕ್ಕಳ ತಾಯಂದಿರು, ಡೇ ಕೇರ್ ನಡೆಸುವವರು ಕೆಲಸಕ್ಕೆ ರಜೆ ಹಾಕಿ ರಾಜಧಾನಿಗೆ ಬರುತ್ತಾರೆ. ಹೆಸರು ಬರೆಸಿ ಗಂಟೆಗಟ್ಟಲೆ ಕಾಯುತ್ತಾರೆ. ಮಾತಾಡಲು ಸಿಗುವುದು ಎರಡೋ ಮೂರೋ ನಿಮಿಷ. ಅವರು ಊರಿಗೆ ವಾಪಸ್ ಹೋದ ಮೇಲೂ ಆಸ್ಪತ್ರೆಗಳ ಪರ, ಗುತ್ತಿಗೆದಾರರ ಪರ ಓಡಾಡಲು ಸಂಬಳ ಪಡೆಯುವವರು ಅದೇ ಕಾರಿಡಾರಿನಲ್ಲಿ ಇರುತ್ತಾರೆ, ಅಧಿವೇಶನ ಮುಗಿಯುವವರೆಗೂ. ಟೆಕ್ಸಾಸ್‌ನಲ್ಲಂತೂ ಮಾಮೂಲಿ ಅಧಿವೇಶನ ನಡೆಯುವುದೇ ಎರಡು ವರ್ಷಕ್ಕೊಮ್ಮೆ, ಹೆಚ್ಚೆಂದರೆ 140 ದಿನ. ಈ ಸಲ ಕೈತಪ್ಪಿದರೆ, ಮುಂದಿನ ಸಲ ಸದನ ಸೇರುವ ಹೊತ್ತಿಗೆ ಹೊಟ್ಟೆಯಲ್ಲಿದ್ದ ಕೂಸು ನಡೆಯಲು ಕಲಿತಿರುತ್ತದೆ.

ಅಸಲಿ ತೊಂದರೆ ಬರುವುದು ಆರ್ಥಿಕ ಕುಸಿತದ ವರ್ಷಗಳಲ್ಲಿ. ವರ್ಮಾಂಟ್ ಒಂದನ್ನು ಬಿಟ್ಟರೆ ಎಲ್ಲ ರಾಜ್ಯಗಳಿಗೂ ಬಜೆಟ್ ಸರಿದೂಗಿಸಲೇಬೇಕು ಎಂಬ ಕಟ್ಟಳೆ ಒಂದಲ್ಲ ಒಂದು ರೂಪದಲ್ಲಿ ಇದೆ. ಕೇಂದ್ರ ಸರ್ಕಾರದ ಹಾಗೆ ಸಾಲ ಮಾಡಿ ದಿನ ತಳ್ಳುವಂತಿಲ್ಲ. ಕೆಲಸ ಹೋದಾಗ ತೆರಿಗೆ ಕಡಿಮೆಯಾಗುತ್ತದೆ, ಅದೇ ಹೊತ್ತಿಗೆ ನೆರವು ಬೇಕಾದವರು ಹೆಚ್ಚುತ್ತಾರೆ. ಆಗ ಕತ್ತರಿ ಎಲ್ಲಿ ಆಡಿಸುವುದು? ಶಾಲೆಗಳಿಗೆ ಸಂವಿಧಾನದ ರಕ್ಷಣೆ ಇದೆ. ಬಡವರ ಆರೋಗ್ಯ ವಿಮೆಯಾದ ಮೆಡಿಕೇಡ್ ಮುಟ್ಟಿದರೆ ಕೇಂದ್ರದಿಂದ ಬರುವ ಹಣವೂ ಹೋಗುತ್ತದೆ. ಸಾಲದ ಕಂತು ಕಟ್ಟಲೇಬೇಕು. ಕೊನೆಗೆ ಕೈಗೆ ಸಿಗುವುದು ಡೇ ಕೇರ್ ಸಬ್ಸಿಡಿಯಂಥವು. 2009ರ ಫೆಬ್ರವರಿಯಲ್ಲಿ ಅರಿಜೋನಾ ಮಾಡಿದ್ದು ಇದನ್ನೇ. ದುಡಿಯುವ ಬಡ ಕುಟುಂಬಗಳ ಹೊಸ ಅರ್ಜಿಗಳನ್ನೆಲ್ಲ ವೇಟಿಂಗ್ ಲಿಸ್ಟಿಗೆ ಹಾಕಿತು. ಕೆಲಸ ಉಳಿಸಿಕೊಳ್ಳಲು, ಹೊಸ ಕೆಲಸ ಹುಡುಕಲು ಮಗುವನ್ನು ಎಲ್ಲಾದರೂ ಬಿಡಲೇಬೇಕಾದ ವರ್ಷದಲ್ಲಿ!

ಈ ವೇಟಿಂಗ್ ಲಿಸ್ಟ್ ಅನ್ನೋದು ರಾಜಕಾರಣಿಗೆ ಬಹಳ ಅನುಕೂಲದ ವಸ್ತು. "ಸಾವಿರಾರು ಮಕ್ಕಳಿಗೆ ನೆರವು ನಿಲ್ಲಿಸಿ" ಅಂತ ಯಾವ ಮಸೂದೆಯಲ್ಲೂ ಬರೆದಿರುವುದಿಲ್ಲ. ಕಳೆದ ವರ್ಷದ ಮೊತ್ತವನ್ನು ಹಾಗೆಯೇ ಬಿಟ್ಟರೆ ಸಾಕು. ಡೇ ಕೇರ್ ಶುಲ್ಕ ಏರಿದ ಹಾಗೆ ಅದೇ ದುಡ್ಡಿಗೆ ಬರುವ ಮಕ್ಕಳ ಸಂಖ್ಯೆ ಇಳಿಯುತ್ತದೆ, ಇಲಾಖೆ ತಾನಾಗಿಯೇ ಹೊಸ ಅರ್ಜಿ ನಿಲ್ಲಿಸುತ್ತದೆ. ಯಾರೂ ಅದಕ್ಕೆ ವೋಟು ಹಾಕಿರುವುದಿಲ್ಲ. ಚುನಾವಣೆಯಲ್ಲಿ ಕೇಳೋಣ ಅಂದರೆ ಕೇಳುವುದಾದರೂ ಯಾರನ್ನು?

ಇನ್ನು ಡೇ ಕೇರ್ ನಡೆಸುವವರ ಲೆಕ್ಕ ನೋಡಿ. ಹಸುಗೂಸುಗಳ ಕೋಣೆಯಲ್ಲಿ ಬಹಳಷ್ಟು ರಾಜ್ಯಗಳ ನಿಯಮದ ಪ್ರಕಾರ ನಾಲ್ಕು ಕೂಸಿಗೆ ಒಬ್ಬರು ದೊಡ್ಡವರು ಇರಬೇಕು. ಆ ನಾಲ್ಕು ಶುಲ್ಕದಲ್ಲೇ ಒಬ್ಬರ ಸಂಬಳ, ಕೋಣೆಯ ಬಾಡಿಗೆ, ವಿಮೆ, ಊಟ ಎಲ್ಲ ಹೊರಡಬೇಕು. ಸರ್ಕಾರ ಕೊಡುವ ದರ ಕಡಿಮೆ ಬಿತ್ತು ಅಂತ ಐದನೇ ಕೂಸನ್ನು ಸೇರಿಸಿಕೊಳ್ಳುವಂತಿಲ್ಲ. ಹಾಗಾಗಿ ಕೊನೆಗೆ ಕಡಿಮೆಯಾಗುವುದು ಆಯಾಗಳ ಸಂಬಳ. ಅವರು ಬಿಟ್ಟು ಹೋಗುತ್ತಾರೆ, ಕೋಣೆಗೆ ಬೀಗ ಬೀಳುತ್ತದೆ. ಕಟ್ಟಡಕ್ಕೆ ಐದು ವರ್ಷದ ಕರಾರು ಬರೆದುಕೊಡಬೇಕಾದವರು ವರ್ಷ ವರ್ಷ ಬದಲಾಗುವ ಅಂಕಿಯನ್ನು ನಂಬಿ ಹೇಗೆ ಸಹಿ ಹಾಕುತ್ತಾರೆ? 2021ರಲ್ಲಿ ಕೋವಿಡ್ ಪರಿಹಾರವಾಗಿ ಡೇ ಕೇರ್‌ಗಳನ್ನು ಉಳಿಸಲೆಂದೇ ಕೇಂದ್ರ ಸುಮಾರು 2400 ಕೋಟಿ ಡಾಲರ್ ಕೊಟ್ಟಿತು. 2023ರ ಸೆಪ್ಟೆಂಬರ್ 30ಕ್ಕೆ ಅದು ಮುಗಿಯಿತು. ಮುಗಿಯುವ ದಿನ ಮೊದಲೇ ಗೊತ್ತಿತ್ತು. ಆದರೂ ಎಷ್ಟೋ ರಾಜ್ಯಗಳು ಆ ಜಾಗಕ್ಕೆ ತಮ್ಮ ದುಡ್ಡು ಹಾಕಲಿಲ್ಲ.

ಬೇರೆ ದಾರಿ ಇಲ್ಲದೇ ಇಲ್ಲ. ನ್ಯೂ ಮೆಕ್ಸಿಕೋ ನೋಡಿ. ತೈಲ ಮತ್ತು ಅನಿಲದ ಆದಾಯದಿಂದ ಬೆಳೆದ ಶಾಶ್ವತ ನಿಧಿ ಅಲ್ಲಿದೆ. ಅದರಿಂದ ಪ್ರತಿ ವರ್ಷ ಇನ್ನೂ ಶೇ. 1.25ರಷ್ಟು ತೆಗೆದು, ಅದರಲ್ಲಿ ಶೇ. 60 ಪಾಲನ್ನು ಎಳೆ ಮಕ್ಕಳಿಗೆ ಕೊಡುವ ಸಂವಿಧಾನ ತಿದ್ದುಪಡಿಗೆ 2022ರ ನವೆಂಬರ್‌ನಲ್ಲಿ ಸುಮಾರು ಶೇ. 70 ಮತದಾರರು ಹೌದು ಅಂದರು. ಈ ಪ್ರಸ್ತಾಪ ಮತದಾರರ ಮುಂದೆ ಬರಲು ಹತ್ತು ವರ್ಷಕ್ಕೂ ಜಾಸ್ತಿ ಹಿಡಿಯಿತು. ರಾಜ್ಯದ ಸೆನೆಟ್‌ನ ಹಣಕಾಸು ಸಮಿತಿಯಲ್ಲಿ ಅದು ಮತ್ತೆ ಮತ್ತೆ ಸತ್ತು ಹೋಗುತ್ತಿತ್ತು. 2025ರ ನವೆಂಬರ್ 1ರಿಂದ ಆ ರಾಜ್ಯ ಆದಾಯದ ಮಿತಿಯನ್ನೇ ತೆಗೆದು ಎಲ್ಲರಿಗೂ ಉಚಿತ ಡೇ ಕೇರ್ ಘೋಷಿಸಿದೆ. ದೇಶದ ಬಡ ರಾಜ್ಯಗಳಲ್ಲಿ ಒಂದು ಇದು!

ತೈಲ ಇಲ್ಲದ ವರ್ಮಾಂಟ್ 2023ರಲ್ಲಿ ಸಂಬಳದ ಮೇಲೆ ಶೇ. 0.44 ತೆರಿಗೆ ಹಾಕಿತು. ಅದರಲ್ಲಿ ಕನಿಷ್ಠ ಮುಕ್ಕಾಲು ಪಾಲು ಮಾಲೀಕರದು. ಗವರ್ನರ್ ಫಿಲ್ ಸ್ಕಾಟ್ ವೀಟೊ ಮಾಡಿದರು, ಸದನ ಆ ವೀಟೊವನ್ನೂ ತಳ್ಳಿಹಾಕಿತು.

ಇದು ಶಾಸಕರ ಕೈ ಕಟ್ಟಿಹಾಕಿದಂತೆ ಅಲ್ವಾ ಅಂತ ಕೇಳಬಹುದು. ಹೌದು, ಕಟ್ಟಬೇಕು. ಬಡ ಕುಟುಂಬಗಳಿಗೆಂದು ಕೇಂದ್ರ ಕೊಟ್ಟ ಹಣವನ್ನು ಮಿಷಿಗನ್ ಕಾಲೇಜು ವಿದ್ಯಾರ್ಥಿವೇತನಕ್ಕೆ ಬಳಸಿಕೊಂಡಿದೆ, ಅದೂ ಕಾನೂನಿನ ಚೌಕಟ್ಟಿನೊಳಗೇ. ಆರು ವರ್ಷದ ಮಗುವಿಗೆ "ಈ ವರ್ಷ ಬಜೆಟ್ ಸಾಲದು, ಮುಂದಿನ ವರ್ಷ ಒಂದನೇ ತರಗತಿಗೆ ಬಾ" ಅಂತ ಯಾವ ರಾಜ್ಯವೂ ಹೇಳುವುದಿಲ್ಲ. ಎರಡು ವರ್ಷದ ಮಗುವಿಗೆ ಹಾಗೆ ಹೇಳಬಹುದು ಅಂತ ತೀರ್ಮಾನಿಸಿದವರು ಯಾರು?

ವಿರೋಧ: ತೀರ್ಮಾನ ಸದನದಲ್ಲೇ ಇರಲಿ

ಕಾನೂನಿನಲ್ಲಿ ಬರೆದಿಟ್ಟ ಹಣ ಕಾಲು ಶತಮಾನದ ನಂತರ ಹೇಗಿರುತ್ತದೆ? ಉದಾಹರಣೆ ಕಣ್ಣ ಮುಂದೆಯೇ ಇದೆ. 1996ರಲ್ಲಿ ಅಧ್ಯಕ್ಷ ಕ್ಲಿಂಟನ್ ಸಹಿ ಹಾಕಿದ ಕಾನೂನು ಬಡ ಕುಟುಂಬಗಳ ನೆರವನ್ನು ಟ್ಯಾನ್ಫ್ ಎಂಬ ಇಡಿಗಂಟಿನ ಅನುದಾನ ಮಾಡಿತು. ರಾಜ್ಯಗಳಿಗೆಲ್ಲ ಸೇರಿ ವರ್ಷಕ್ಕೆ ಸುಮಾರು 1650 ಕೋಟಿ ಡಾಲರ್. ಇವತ್ತಿಗೂ ಹೆಚ್ಚುಕಡಿಮೆ ಅಷ್ಟೇ. ಬೆಲೆಗಳು ಏರಿದವು, ಗಂಟು ಮಾತ್ರ ಹಾಗೆಯೇ ಉಳಿಯಿತು. 1996ರಲ್ಲಿ ಬಡತನದಲ್ಲಿದ್ದ ಮಕ್ಕಳಿರುವ ಪ್ರತಿ 100 ಕುಟುಂಬಗಳಲ್ಲಿ 68ಕ್ಕೆ ನಗದು ನೆರವು ಸಿಗುತ್ತಿತ್ತು. 2020ರ ಹೊತ್ತಿಗೆ ಅದು 21ಕ್ಕೆ ಇಳಿದಿತ್ತು. ಕಟ್ಟಿಟ್ಟ ಹಣಕ್ಕೆ ರಕ್ಷಣೆ ಸಿಗುತ್ತದೆ ಎನ್ನುವವರು ಮೊದಲು ಈ ಅಂಕಿ ನೋಡಲಿ. ಬರೆದಿಟ್ಟ ಮೇಲೆ ಮರೆತುಬಿಡುವುದು ಬಹಳ ಸುಲಭ.

ಮರೆತ ದುಡ್ಡಿಗೆ ಏನಾಗುತ್ತದೆ ಅಂತ ಮಿಸಿಸಿಪ್ಪಿ ತೋರಿಸಿಕೊಟ್ಟಿತು. ಅಲ್ಲಿ ಈ ಟ್ಯಾನ್ಫ್ ಹಣ ಇಲಾಖೆಯ ಮೂಲಕ ಖಾಸಗಿ ಸಂಸ್ಥೆಗಳಿಗೆ ಹರಿಯಿತು. ಸದನದಲ್ಲಿ ಪ್ರತಿ ಖರ್ಚನ್ನೂ ಎತ್ತಿ ಹಿಡಿದು ಕೇಳುವವರು ಇರಲಿಲ್ಲ. ಕನಿಷ್ಠ 7.7 ಕೋಟಿ ಡಾಲರ್ ದುರ್ಬಳಕೆಯಾಗಿದೆ ಎಂಬುದು ಲೆಕ್ಕಪರಿಶೋಧನೆಯಲ್ಲಿ ಹೊರಬಂತು. ಅದರಲ್ಲಿ ಒಂದಿಷ್ಟು ಹೋಗಿದ್ದು ವಿಶ್ವವಿದ್ಯಾಲಯವೊಂದರ ವಾಲಿಬಾಲ್ ಕ್ರೀಡಾಂಗಣಕ್ಕೆ. ಬೇಲಿಯೇ ಎದ್ದು ಹೊಲ ಮೇಯ್ದದ್ದು ಇದು. ಮಿಷಿಗನ್‌ನ ಶಾಸಕರು ವಿದ್ಯಾರ್ಥಿವೇತನಕ್ಕೆ ಹಣ ತಿರುಗಿಸಿದ್ದು ನನಗೂ ಹಿಡಿಸುವುದಿಲ್ಲ. ಆದರೆ ಅದು ಬಜೆಟ್ ಪುಸ್ತಕದಲ್ಲಿ ಕಾಣುತ್ತದೆ. ಬೈಯಲಿಕ್ಕಾದರೂ ಒಂದು ಸಾಲು ಇದೆ.

ಇನ್ನು ಮೀಸಲು ತೆರಿಗೆಯ ಕಥೆ. ಕ್ಯಾಲಿಫೋರ್ನಿಯಾ 1998ರಲ್ಲಿ ಸಿಗರೇಟು ಪ್ಯಾಕಿಗೆ 50 ಸೆಂಟ್ ತೆರಿಗೆ ಹಾಕಿ, ಐದು ವರ್ಷದೊಳಗಿನ ಮಕ್ಕಳ ಕಾರ್ಯಕ್ರಮಗಳಿಗೆ ಎತ್ತಿಟ್ಟಿತು. ಜನ ಸಿಗರೇಟು ಬಿಡುತ್ತಾ ಹೋದರು. ಒಳ್ಳೆಯದೇ ಆಯಿತು, ಆದರೆ ಮಕ್ಕಳ ಹಣವೂ ಹೊಗೆಯ ಜೊತೆಗೇ ಕರಗುತ್ತಾ ಬಂತು. ಮಗುವಿನ ಆರೈಕೆ ಊರಿನ ದುಶ್ಚಟದ ಮೇಲೆ ನಿಲ್ಲಬೇಕೇ? ನ್ಯೂ ಮೆಕ್ಸಿಕೋದ ತೈಲವೂ ಇದಕ್ಕಿಂತ ಬಹಳ ದೂರದ ಮಾತಲ್ಲ. ಅಷ್ಟಕ್ಕೂ ಆ ಭಾಗ್ಯ ಎಲ್ಲ ರಾಜ್ಯಗಳಿಗೂ ಇಲ್ಲ.

ನ್ಯೂ ಮೆಕ್ಸಿಕೋದ ಕಥೆಯಲ್ಲಿ ಪರ ವಾದಿಸುವವರು ಒಂದು ವಿಷಯ ಬಿಟ್ಟುಬಿಡುತ್ತಾರೆ. ಪ್ರಸ್ತಾಪಕ್ಕೆ ಅಡ್ಡ ನಿಂತಿದ್ದ ಹಣಕಾಸು ಸಮಿತಿಯ ಅಧ್ಯಕ್ಷ ಜಾನ್ ಆರ್ಥರ್ ಸ್ಮಿತ್ 2020ರಲ್ಲಿ ಸ್ವಂತ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಪ್ರೈಮರಿ ಚುನಾವಣೆಯಲ್ಲೇ ಸೋತರು. ಮುಂದಿನ ವರ್ಷ ಸದನ ತಿದ್ದುಪಡಿಯನ್ನು ಮತದಾರರ ಮುಂದೆ ಇಟ್ಟಿತು. ಅಂದರೆ ದಾರಿ ತೆರೆದದ್ದು ಶಾಸಕರನ್ನು ಹೊಣೆ ಮಾಡುವ ಮಾಮೂಲಿ ರಾಜಕೀಯವೇ. ಈಗ ಆ ನಿಧಿಯಲ್ಲಿ ಏನಾದರೂ ಎಡವಟ್ಟಾದರೆ ಯಾರನ್ನು ಸೋಲಿಸುವುದು?

ಒಂದು ಖರ್ಚಿನ ಹಣವನ್ನು ಮೀಸಲಿಟ್ಟು ಬೀಗ ಹಾಕಿದರೆ ಪಕ್ಕದ ಪೆಟ್ಟಿಗೆ ಬರಿದಾಗುತ್ತದೆ ಎಂಬುದು ಸುಮ್ನೆ ಹೆದರಿಸುವ ಮಾತಲ್ಲ. ಮತ್ತೆ ಕ್ಯಾಲಿಫೋರ್ನಿಯಾಕ್ಕೇ ಬನ್ನಿ. ಅಲ್ಲಿ 1988ರಲ್ಲಿ ಮತದಾರರು ಒಪ್ಪಿದ ಪ್ರಾಪೊಸಿಷನ್ 98 ಎಂಬ ನಿಯಮದ ಪ್ರಕಾರ ಶಾಲೆಗಳಿಗೆ ಬಜೆಟ್ಟಿನ ದೊಡ್ಡ ಪಾಲು ಖಾತ್ರಿ ಇದೆ. ಆ ಹಣದಲ್ಲೇ ನಾಲ್ಕು ವರ್ಷದ ಮಕ್ಕಳಿಗೂ ಸರ್ಕಾರಿ ಶಾಲೆಯಲ್ಲಿ ಉಚಿತ ತರಗತಿ ಬಂತು. ಕೇಳಲು ಚೆನ್ನಾಗಿದೆ. ಆದರೆ ಡೇ ಕೇರ್‌ಗೆ ಒಂದಿಷ್ಟು ಉಳಿಯುತ್ತಿದ್ದದ್ದೇ ಈ ನಾಲ್ಕು ವರ್ಷದವರ ಶುಲ್ಕದಿಂದ. ಅವರಿಗೆ ಕಡಿಮೆ ಆಯಾಗಳು ಸಾಕು. ಹಸುಗೂಸುಗಳ ಕೋಣೆಯ ನಷ್ಟ ಆ ದುಡ್ಡಿನಲ್ಲಿ ತುಂಬುತ್ತಿತ್ತು. ದೊಡ್ಡ ಮಕ್ಕಳು ಶಾಲೆಗೆ ಹೋದ ಮೇಲೆ ಡೇ ಕೇರ್‌ಗೆ ಉಳಿಯುವುದು ಖರ್ಚು ಜಾಸ್ತಿ ಇರುವ ಕೂಸುಗಳು ಮಾತ್ರ. ಬೀಗ ಹಾಕಿದವರು ಈ ಜೋಡಣೆಯನ್ನು ನೋಡಿರಲಿಲ್ಲ. ಇಂಥದ್ದನ್ನು ಸರಿಪಡಿಸಲು ಹಣವನ್ನು ಇಲ್ಲಿಂದ ತೆಗೆದು ಅಲ್ಲಿಗೆ ಹಾಕುವ ಸ್ವಾತಂತ್ರ್ಯ ಯಾರಿಗಾದರೂ ಇರಬೇಕು.

ನನಗೆ ಎಲ್ಲಕ್ಕಿಂತ ಜಾಸ್ತಿ ಚುಚ್ಚುವುದು ಬೇರೆ. ಈ ಬೀಗ ಯಾರಿಗೆ ಸಿಗುತ್ತದೆ? ಜನಮತದಲ್ಲಿ ಗೆಲ್ಲಬಲ್ಲವರಿಗೆ. ಮುದ್ದು ಮಕ್ಕಳ ಫೋಟೊ ಹಾಕಿ ಡೇ ಕೇರ್ ನಿಧಿಗೆ ವೋಟು ಕೇಳಬಹುದು. ಕೆಲಸ ಇಲ್ಲದ ಒಂಟಿ ತಾಯಿಯ ನಗದು ನೆರವಿಗೆ, ಹೆತ್ತವರಿಂದ ದೂರವಾಗಿ ಬೇರೆಯವರ ಮನೆಯಲ್ಲಿ ಬೆಳೆಯುವ ಮಕ್ಕಳ ಆರೈಕೆಗೆ ಹಾಗೆ ಕೇಳಿ ಗೆಲ್ಲುವುದು ಕಷ್ಟ. ಜನಪ್ರಿಯ ಖರ್ಚುಗಳೆಲ್ಲ ಒಂದೊಂದು ನಿಧಿ ಸೇರಿಕೊಂಡರೆ, ಮುಂದಿನ ಕುಸಿತದಲ್ಲಿ ಕತ್ತರಿಯ ಕೆಳಗೆ ಉಳಿಯುವವರು ಇವರೇ. ಅದೂ ಡೇ ಕೇರ್ ತಾಯಂದಿರ ಬೆಂಬಲ ಇಲ್ಲದೆ. ಅವರ ಕೆಲಸ ಆಗಿಹೋಗಿರುತ್ತದಲ್ಲ.

ವೇಟಿಂಗ್ ಲಿಸ್ಟ್ ಬಗ್ಗೆ ಪರ ವಾದ ಹೇಳಿದ್ದು ನಿಜ, ಅದು ನಾಚಿಕೆಗೇಡು. ಅದಕ್ಕೆ ಔಷಧ ಶಾಸಕರಿಂದ ತೀರ್ಮಾನ ಕಿತ್ತುಕೊಳ್ಳುವುದಲ್ಲ, ಅದನ್ನು ಅವರ ಹೆಸರಿಗೆ ಬರೆಯುವುದು. ವಾಷಿಂಗ್ಟನ್ ರಾಜ್ಯದಲ್ಲಿ ಕೇಸ್‌ಲೋಡ್ ಫೋರ್‌ಕಾಸ್ಟ್ ಕೌನ್ಸಿಲ್ ಎಂಬ ಸಂಸ್ಥೆ ಇದೆ. ಮುಂದೆ ಎಷ್ಟು ಜನ ನೆರವಿಗೆ ಬರಬಹುದು ಅಂತ ಅಂದಾಜು ಮಾಡಿ ಬಜೆಟ್ ಮಾಡುವವರಿಗೆ ಕೊಡುವುದೇ ಅದರ ಕೆಲಸ. ಎಲ್ಲ ರಾಜ್ಯಗಳೂ ಹಾಗೆ ಮಾಡಲಿ. ಮಸೂದೆಯಲ್ಲಿ ಡೇ ಕೇರ್ ಮೊತ್ತದ ಪಕ್ಕದಲ್ಲೇ, ಆ ಮೊತ್ತಕ್ಕೆ ಎಷ್ಟು ಮಕ್ಕಳು ಹೊರಗುಳಿಯುತ್ತಾರೆ ಅಂತಲೂ ಅಚ್ಚು ಹಾಕಲಿ. ಆಮೇಲೆ ಒಬ್ಬೊಬ್ಬ ಶಾಸಕರ ಹೆಸರು ಕೂಗಿ ವೋಟು ಪಡೆಯಲಿ.